ಬೆಚ್ಚಗಿದ್ದ ಮಣ್ಣಿನ ಗುಡ್ಡೆ

ಬಡಗಿಯ ಮರಗೆಲಸದ ಶೆಡ್ಡಿನ ಹಿಂದೆ ಒಂದು ಜಾಗವಿತ್ತು. ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ, ಇರುವೆ ಕೂಡ ಬಳಸಿಕೊಂಡು ಹೋಗುತ್ತಿತ್ತು. ಹಾಡುಹಗಲಲ್ಲೂ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ ಅನ್ನಿಸುತ್ತಿತ್ತು. ಗೆದ್ದಲು ಹತ್ತದಿರಲಿ ಅಂತ ಹಲಗೆ ಅದ್ದುವ ಔಷಧಿ ಇರುತ್ತಲ್ಲ, ಆ ತೊಟ್ಟಿ ತೊಳೆದ ನೀರನ್ನೆಲ್ಲ ಅವನಪ್ಪನ ಕಾಲದಿಂದ ಸುರಿದದ್ದು ಅಲ್ಲಿಗೇ. ಬಡಗಿಯ ಪುಟ್ಟ ಮಗಳು ಅಲ್ಲಿ ಬರಿಗಾಲಲ್ಲಿ ಆಡಿ ಬಂದಳು ನೋಡಿ, ಅಂಗಾಲೆಲ್ಲ ಗುಳ್ಳೆ ಎದ್ದವು.

ಅವನ ನಾದಿನಿ ಮಣ್ಣು ಪರೀಕ್ಷೆ ಕಚೇರಿಯವಳು. ಅವಳು ತನ್ನವರನ್ನ ಕರಕೊಂಡು ಬಂದು ಆ ಮಣ್ಣು ಅಗೆಸಿ, ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕಿಸಿ, ಗೊಬ್ಬರ ಬೆರೆಸಿ ಟಾರ್ಪಾಲು ಹೊದಿಸಿದಳು. ಯಾರೂ ಮುಟ್ಟಬೇಡಿ ಅಂತ ಹೇಳಿ ಹೋದಳು.

ಕೆಲವೇ ದಿನಕ್ಕೆ ಗುಡ್ಡೆ ಬೆಚ್ಚಗಾಯಿತು. ಬೆಳಗ್ಗೆ ಅಂಚಿನಿಂದ ಹಬೆ ಏಳುತ್ತಿತ್ತು. ಗಾಳಿ ಇಲ್ಲದಿದ್ದರೂ ಟಾರ್ಪಾಲು ಮೆಲ್ಲಗೆ ಉಬ್ಬಿದಂತೆ ಕಂಡು ಬಡಗಿಯ ಜೀವ ಬಾಯಿಗೆ ಬಂತು. ಒಳಗೆ ಏನೋ ಬದುಕಿದೆ ಅಂದ. ಹೆಂಡತಿ ಆ ಕಡೆಯ ಕಿಟಕಿ ತೆಗೆಯೋದನ್ನೇ ಬಿಟ್ಟಳು. ಹೆದರಿದವನಿಗೆ ಬುದ್ಧಿ ಎಲ್ಲಿ ಉಳಿಯುತ್ತೆ? ಮಗಳನ್ನ ಕಾಪಾಡಬೇಕು ಅಂತ ಒಂದು ಚೀಲ ಬ್ಲೀಚಿಂಗ್ ಪುಡಿ ತಂದು ಗುಡ್ಡೆಯ ಒಂದು ತುದಿಗೆ ಸುರಿದೇಬಿಟ್ಟ. ಆ ತುದಿ ತಣ್ಣಗಾಯಿತು, ಅವನಿಗೂ ನಿದ್ದೆ ಹತ್ತಿತು.

ನಾದಿನಿ ಬಂದವಳು ಕೈಗವಸು ಹಾಕಿ ಆ ತುದಿ ಮುಟ್ಟಿದ್ದೇ ಮುಖ ಸಪ್ಪಗೆ ಮಾಡಿಕೊಂಡಳು.

“ಏನು ಮಾಡಿದ್ರಿ ಭಾವ?”

“ಕ್ರಿಮಿ ಇತ್ತು, ಕೊಂದೆ. ತಪ್ಪಾ?”

“ಹಳೇ ಮರ ಕೊಯ್ಯೋ ಮುಂಚೆ ಏನು ಮಾಡ್ತೀರಿ?”

“ಮೊಳೆ ಕೀಳ್ತೀನಿ. ಇಲ್ಲಾಂದ್ರೆ ಗರಗಸದ ಹಲ್ಲು ಹೋಗುತ್ತೆ.”

“ಈ ವಿಷವೂ ಅಷ್ಟೇ. ಉಂಗುರದಂಥ ಗಟ್ಟಿ ಅಣು, ಸುತ್ತ ಕ್ಲೋರಿನ್ ಅನ್ನೋ ಮೊಳೆ. ಗೊಬ್ಬರ ತಿಂದು ಗುಡ್ಡೆ ಬೆಚ್ಚಗೆ ಮಾಡಿದ ಬ್ಯಾಕ್ಟೀರಿಯಾಗಳಿವೆಯಲ್ಲ, ಅವುಗಳಲ್ಲಿ ಕೆಲವಕ್ಕೆ ಕಿಣ್ವ ಅಂತ ಇರುತ್ತೆ, ಅದೇ ಅವುಗಳ ಹತ್ಯಾರ, ನಿಮ್ಮ ಉಳಿ ಗರಗಸದ ಹಾಗೆ. ಒಂದು ಕಿಣ್ವ ಮೊಳೆ ಕೀಳುತ್ತೆ, ಇನ್ನೊಂದು ಉಂಗುರ ಸೀಳುತ್ತೆ. ಉಳಿದದ್ದನ್ನ ಅವು ತಿಂದು ಮುಗಿಸ್ತವೆ. ನಿಮ್ಮ ಮಗಳಿಗೋಸ್ಕರ ದುಡೀತಿದ್ದವರನ್ನೇ ಕೊಂದ್ರಲ್ಲ ಭಾವ.”

ಬಡಗಿ ಕೈಗವಸು ಹಾಕಿಕೊಂಡು ಇನ್ನೊಂದು ತುದಿ ಮುಟ್ಟಿದ. ಬೆಚ್ಚಗಿತ್ತು. ಸದ್ದಿಲ್ಲದೆ ಕೋಟಿಗಟ್ಟಲೆ ಜೀವಗಳು ತನ್ನ ಹಿತ್ತಲಲ್ಲಿ ದುಡಿಯುತ್ತಿವೆ ಅಂತ ನೆನೆದು ಮೈ ಜುಮ್ಮೆಂದಿತು. ಅವನ ಭಯ ಪೂರ್ತಿ ಹೋಗಲಿಲ್ಲ, ಆದರೆ ಅವತ್ತೇ ಸುತ್ತ ಬೇಲಿ ಹಾಕಿದ.

ಮುಂದಿನ ಪರೀಕ್ಷೆಯಲ್ಲಿ ಗುಡ್ಡೆಯ ವಿಷ ಇಳಿದಿತ್ತು, ಬ್ಲೀಚಿಂಗ್ ಪುಡಿ ಸುರಿದ ತುದಿಯದ್ದು ಮಾತ್ರ ಇದ್ದಷ್ಟೇ ಇತ್ತು. ಅಲ್ಲಿ ಮತ್ತೆ ಮೊದಲಿನಿಂದ ಶುರು. ಮಗಳು ಬೇಲಿ ಹಿಡಿದು, ಯಾವಾಗ ಆಡೋದು ಅಪ್ಪ, ಅಂತ ಕೇಳ್ತಾಳೆ. ಅವನು ಅವಳನ್ನ ಎತ್ತಿಕೊಂಡು ಒಳಗೆ ಹೋಗ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮರದ ಔಷಧಿ, ಕೀಟನಾಶಕ ಮಣ್ಣಿಗೆ ಸುರಿಯಬೇಡಿ. ಔಷಧಿ ಹಚ್ಚಿದ ಮರದ ಚೂರು ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷ. ಅನುಮಾನ ಬಂದರೆ ಮಕ್ಕಳನ್ನ ದೂರ ಇಟ್ಟು ಮಣ್ಣು ಪರೀಕ್ಷೆ ಮಾಡಿಸಿ, ನೀವೇ ಮದ್ದು ಹಾಕೋಕೆ ಹೋಗಬೇಡಿ. ಸುರಿಯೋಕೆ ಒಂದು ಗಳಿಗೆ ಸಾಕು. ತೆಗೆಯೋಕೆ ನಿಮ್ಮ ಮಗುವಿನ ಬಾಲ್ಯವೇ ಕಳೆದುಹೋದೀತು.