ಒಂಬತ್ತನೇ ತರಗತಿಯ ಆಲಿಸುವ ಪರೀಕ್ಷೆ

ನೊಣವೊಂದು ಕಿಟಕಿಯ ಗಾಜಿಗೆ ಢಿಕ್ಕಿ ಹೊಡೆಯುತ್ತಲೇ ಇದೆ, ಬೀಳುತ್ತದೆ, ಏಳುತ್ತದೆ, ರೆಕ್ಕೆ ಅದುರುವುದು ಕಾಣುತ್ತದೆ, ಸದ್ದಿಲ್ಲ, ಅಂದರೆ ನನಗಿಲ್ಲ — ಮಕ್ಕಳಿಗೆ ಕೇಳುತ್ತಿರಬೇಕು, ಮೂರನೇ ಸಾಲಿನ ತಿಲೇಕ್ ಹಾಳೆ ಬಿಟ್ಟು ಅದನ್ನೇ ನೋಡುತ್ತಿದ್ದಾನೆ, ಓದೋ ಪುಣ್ಯಾತ್ಮ, ನಲವತ್ತು ನಿಮಿಷದಲ್ಲಿ ಹನ್ನೆರಡು ಆಗಲೇ ಹೋಯಿತು. ಆಲಿಸುವ ಭಾಗ ಮುಗಿದಿದೆ, ಈಗ ಓದುವ ಭಾಗ, ಇಂಗ್ಲಿಷಿನ ಎರಡು ಪುಟ ಓದಿ ಹದಿನೈದು ಪ್ರಶ್ನೆಗೆ ಉತ್ತರ ಗುರುತಿಸಬೇಕು, ಆಮೇಲೆ ಎರಡೂ ಹಾಳೆ ಲಕೋಟೆಗೆ, ಲಕೋಟೆಯ ಮೇಲೆ ಅರಗು, ಅರಗಿನ ಮೇಲೆ ಜಿಲ್ಲಾ ಕಚೇರಿಯ ಮೊಹರು, ಮೊಹರು ಬಿದ್ದ ಮೇಲೆ ದೇವರೇ ಬಂದರೂ ತೆರೆಯುವ ಹಾಗಿಲ್ಲ. ಪಾರಾದೆ, ಬುರುಲ್ಕಾನ್, ಪಾರಾದೆ — ಕಿವಿ ಕೇಳದ ಟೀಚರೊಬ್ಬಳು ಆಲಿಸುವ ಪರೀಕ್ಷೆ ನಡೆಸಿಕೊಟ್ಟಳು, ಒಂದು ನರಪಿಳ್ಳೆಗೂ ತಿಳಿಯಲಿಲ್ಲ. ಪರೀಕ್ಷೆ ನೋಡಲು ಬಂದ ಕಚೇರಿಯ ಎರ್ಮೆಕ್ ಅಂತೂ ಇನ್ನೂ ಒಳಗೇ ಬಂದಿಲ್ಲ, ಧ್ವನಿಮುದ್ರಣ ಹಾಕುವ ಹೊತ್ತಿಗೆ ಸರಿಯಾಗಿ ಮುಖ್ಯೋಪಾಧ್ಯಾಯಿನಿ ಬಂದು ಅವನ ತೋಳು ಹಿಡಿದಳು, ಬಿಸಿ ರೊಟ್ಟಿ ಮುರಿದಿಟ್ಟಿದ್ದೀವಿ, ಮುಟ್ಟದೆ ಹೋದ್ರೆ ಹೇಗೆ, ನೀವೇನು ಹೊರಗಿನೋರಾ — ಮುಂದಿಟ್ಟ ರೊಟ್ಟಿಗೆ ಬಾಯಿ ತಾಗಿಸದೆ ಎದ್ದು ಹೋದವನು ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ, ಒಂದು ತುಂಡು ಎಂದು ಕೂತವನು ಕೆನೆ, ಜಾಮು, ಮಾಂಸದ ಸಾರು ಎಲ್ಲವನ್ನೂ ದಾಟಿಕೊಂಡೇ ಬರಬೇಕು. ಎಜೆ, ನೀವು ಶುರು ಮಾಡಿ, ಈಗ ಬಂದೆ, ಎಂದ, ಅವನ ತುಟಿಯ ಮೇಲೆ ಅಷ್ಟು ಓದಿಕೊಂಡೆ. ಎಜೆ ಎನ್ನುವುದು ಮಾತ್ರ ಯಾರ ತುಟಿಯಲ್ಲಾದರೂ ತಟ್ಟನೆ ಗೊತ್ತಾಗುತ್ತದೆ, ಅಕ್ಕನಿಗೂ ಅದೇ, ಪಾಠ ಹೇಳುವವಳಿಗೂ ಅದೇ, ಮೂವತ್ತಮೂರು ವರ್ಷದಿಂದ ಅದೇ ನನ್ನ ಹೆಸರು.

ಎಡಕಿವಿ ಹೋದದ್ದು ಹೋದ ವರ್ಷದ ಚಳಿಗಾಲದಲ್ಲಿ, ಜ್ವರ, ಕೀವು, ಅತ್ತೆ ಕುರಿಬಾಲದ ಕೊಬ್ಬು ಕಾಯಿಸಿ ಹನಿ ಬಿಟ್ಟಳು, ಈ ಚಳಿಗಾಲಕ್ಕೆ ಬಲಗಿವಿಯೂ ಅದರ ಹಿಂದೆಯೇ ಹೊರಟಿತು, ಗಂಡಸರ ದಪ್ಪ ದನಿ ಅಷ್ಟೋ ಇಷ್ಟೋ ಕೇಳುತ್ತದೆ, ಹೆಂಗಸರದು ಬರೀ ಉಸಿರು, ಧ್ವನಿಮುದ್ರಣ ಹಾಕುವ ಪೆಟ್ಟಿಗೆಯೊಳಗಿನ ದನಿಯಂತೂ ಏನೂ ಇಲ್ಲ. ಕಿವಿಗೆ ಯಂತ್ರ ಹಾಕಿಸ್ಕೋ ಮಾರಾಯ್ತಿ, ನನ್ನ ಕೈಲಿ ಕೂಗಿ ಕೂಗಿ ಆಗಲ್ಲ, ಅಂದ ಗಂಡ ಶಾರ್ಶೆನ್, ಪಕ್ಕದ್ಮನೆಯೋರು ದಿನಾ ಜಗಳ ಅಂದ್ಕೊಂಡಿದ್ದಾರೆ. ಯಂತ್ರ ಹಾಕಿಸಿದರೆ ಕಾಣಿಸುತ್ತದೆ, ಕಾಣಿಸಿದರೆ ವೈದ್ಯರ ಪತ್ರ ತಾ ಎನ್ನುತ್ತಾರೆ, ಪತ್ರ ಕೊಟ್ಟ ಮಾರನೆಯ ದಿನ ನನ್ನ ಕುರ್ಚಿಯ ಮೇಲೆ ಯಾವಳೋ ಹೊಸಬಳು. ನಿವೃತ್ತಿಗೆ ಎರಡೇ ವರ್ಷ ಉಳಿದಿದೆ, ಅಲ್ಲಿಯ ತನಕ ಎಳೆದುಬಿಡೋಣ ಎಂದುಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಲೋಕ ಕಂಡಿದೆ, ಕೋಣವೇ ಕೂತು ಕಿನ್ನರಿ ಬಾರಿಸುವುದನ್ನು ಈ ಶಾಲೆಯಲ್ಲೇ ನೋಡಬೇಕು. ಇವತ್ತು ಹೆದರಿಕೆಯಿತ್ತು, ರಾತ್ರಿಯೆಲ್ಲ ಹೊರಳಾಡಿದೆ, ಆದರೆ ಪರೀಕ್ಷೆ ನಡೆಸುವವರ ಕೈಗೆ ಧ್ವನಿಮುದ್ರಣದ ಪಾಠವನ್ನು ಅಚ್ಚು ಹಾಕಿ ಕೊಡುತ್ತಾರಲ್ಲ, ಅದೇ ನನ್ನ ಊರುಗೋಲಾಯಿತು, ಗುಂಡಿ ಒತ್ತಿದೆ, ಕೆಂಪು ದೀಪ ಹತ್ತಿತು, ಗೋಡೆಯ ಗಡಿಯಾರ ನೋಡಿಕೊಂಡು ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತ ಹೋದೆ, ಹುಡುಗಿಯೊಬ್ಬಳು ವಸ್ತುಸಂಗ್ರಹಾಲಯಕ್ಕೆ ಫೋನು ಮಾಡುತ್ತಾಳೆ, ಐದು ಪ್ರಶ್ನೆ, ಆಮೇಲೆ ಅಲ್ಲಿಯವನೊಬ್ಬ ಹಳೆಯ ಗಡಿಯಾರಗಳ ಕಥೆ ಹೇಳುತ್ತಾನೆ, ಇನ್ನೈದು ಪ್ರಶ್ನೆ, ನಡುನಡುವೆ ತಲೆದೂಗಿದೆ, ನಗುವ ಕಡೆ ಸಣ್ಣಗೆ ನಕ್ಕೆ ಕೂಡ. ಎರಡು ಸಲ ಹಾಕಬೇಕು, ಎರಡು ಸಲವೂ ಹಾಗೇ ಮಾಡಿದೆ. ಎಂಥ ನಟಿ ನಾನು, ಎಂದು ಒಳಗೊಳಗೇ ಹಿಗ್ಗಿದ್ದೂ ಹೌದು.

ಹದಿನೈದು ನಿಮಿಷ ಹೋಯಿತು, ಒಂದು ಸುತ್ತು ಹಾಕೋಣ, ಸುಮ್ಮನೆ ನಿಂತರೆ ಮೊಣಕಾಲು ಹಿಡಿಯುತ್ತದೆ. ಕಿಟಕಿ ಪಕ್ಕದಲ್ಲಿ ಬೇಗಿಮಾಯ್, ಓದುವ ಹಾಳೆಯ ಮೇಲೆ ಬಗ್ಗಿದ್ದಾಳೆ, ಪೆನ್ನು ಎಲ್ಲೂ ತಡೆಯದೆ ಓಡುತ್ತಿದೆ, ಓಡಲಿ, ಇವಳಿಗಾಗಿಯೇ ಅಲ್ಲವೇ ನನಗೆ ನಿದ್ದೆ ಬರದಿದ್ದದ್ದು. ರಾಜಧಾನಿ ಬಿಶ್ಕೆಕ್‌ನ ವಸತಿ ಶಾಲೆಯಲ್ಲಿ ನಮ್ಮ ಜಿಲ್ಲೆಗೆ ಎರಡೇ ಸೀಟು, ಆಲಿಸುವುದರಲ್ಲೂ ಓದುವುದರಲ್ಲೂ ನೂರಕ್ಕೆ ಎಂಬತ್ತು ಬಂದರೆ ಊಟ, ಹಾಸಿಗೆ, ಪುಸ್ತಕ ಎಲ್ಲ ಅವರದೇ, ಬಾರದಿದ್ದರೆ ಜೂನ್ ತಿಂಗಳಲ್ಲಿ ಮಾಸ್ಕೋ, ಅಲ್ಲಿ ಇವಳಮ್ಮ ಎಂಟು ವರ್ಷದಿಂದ ಆಸ್ಪತ್ರೆಯ ನೆಲ ಒರೆಸುತ್ತಿದ್ದಾಳೆ, ಮಗಳಿಗೂ ಒಂದು ಬಕೆಟ್ಟು ನೋಡಿಟ್ಟಿದ್ದಾಳೆ. ಇವಳಜ್ಜಿ ಮೊಸರಿನ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು, ಹುಡುಗಿ ರಾತ್ರಿ ನಿದ್ದೇಲೂ ಇಂಗ್ಲಿಷ್ ಬಡಬಡಿಸ್ತಾಳೆ ತಾಯಿ, ನಂಗೇನು ಗೊತ್ತಾಗತ್ತೆ, ನೀನೊಂದು ನಿಜ ಹೇಳು, ಆಗತ್ತಾ ಆಗಲ್ವಾ? ಆಗತ್ತೆ ಅಜ್ಜಿ, ನಾನಿದ್ದೀನಲ್ಲ, ಅಂದಿದ್ದೆ. ಆಲಿಸುವ ಹಾಳೆಯನ್ನು ಅವಳು ಮೇಜಿನ ಅಂಚಿಗೆ ಸರಿಸಿಟ್ಟಿದ್ದಾಳೆ, ಒಂದು, ಎರಡು, ಮೂರು, ನಾಲ್ಕು, ಐದು, ಐದಕ್ಕೂ ಉತ್ತರ ಸರಿ — ಆರು ಖಾಲಿ. ಏಳು ಖಾಲಿ. ಎಂಟು, ಒಂಬತ್ತು, ಹತ್ತು. ಏನಾಯಿತು ಇವಳಿಗೆ, ತಲೆ ಸುತ್ತಿತೇ, ಹೊಟ್ಟೆ ನೋವೇ, ಅಥವಾ ಹೆದರಿ ಎಲ್ಲ ಮರೆತಳೇ, ಹಿಂದಿನ ಮೇಜು ನೋಡಿದೆ, ಐದಾದ ಮೇಲೆ ಖಾಲಿ, ಅದರ ಹಿಂದಿನದು ಖಾಲಿ, ತಿಲೇಕನದು ಖಾಲಿ, ಅವನು ಉತ್ತರ ಗೊತ್ತಿಲ್ಲದಿದ್ದರೂ ಕಣ್ಣು ಮುಚ್ಚಿ ಗೀಚುವ ಪೈಕಿ, ಅವನದೂ ಖಾಲಿ. ಇಪ್ಪತ್ತೆರಡು ಹಾಳೆ. ಕಾಲು ನಡೆಯುತ್ತಲೇ ಇದೆ, ನಿಂತರೆ ಗೊತ್ತಾಗಿಬಿಡುತ್ತದೆ ಎಂಬಂತೆ. ಕೆಟ್ಟಿತ್ತು. ಅರ್ಧದ ಮೇಲೆ ಧ್ವನಿ ಕೆಟ್ಟಿತ್ತು, ಎರಡು ಸಲವೂ ಅದೇ ಜಾಗದಲ್ಲಿ, ಗರಗರವೋ ಚರಚರವೋ, ನನಗೇನು ಗೊತ್ತು, ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದೆನಲ್ಲ, ಮೊದಲು ಅದುರು ಏರಿ ಇಳಿದು ಆಡುತ್ತಿತ್ತು, ಆಮೇಲೆ ಒಂದೇ ಸಮನೆ, ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ, ಗಡಿಯಾರದ ಮನುಷ್ಯ ಉಸಿರು ಬಿಡದೆ ಮಾತಾಡುತ್ತಾನೆ ಪಾಪ ಎಂದುಕೊಂಡೆ! ಮತ್ತು ತಲೆದೂಗಿದೆ.

ಅವರು ನೋಡುತ್ತಿದ್ದರು. ಆಗ ಎಲ್ಲರೂ ಹಾಳೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು, ಎಷ್ಟು ಗಮನವಿಟ್ಟು ಕೇಳುತ್ತಿದ್ದಾರೆ ನನ್ನ ಮಕ್ಕಳು ಎಂದು ನಾನು ನಕ್ಕೆ. ತಿಲೇಕನ ಕೈ ಮೇಲೆದ್ದಿತು, ಬೇಗಿಮಾಯ್ ತಿರುಗಿ ಅವನನ್ನು ಒಂದೇ ಒಂದು ನೋಟ ನೋಡಿದಳು, ಎದ್ದ ಕೈ ತಲೆಗೆ ಹೋಗಿ ಕೂದಲು ಕೆರೆಯಿತು, ಹೇನಾಗಿರಬೇಕು, ಇವರಮ್ಮನಿಗೆ ಹೇಳಬೇಕು ಎಂದುಕೊಂಡೆನಲ್ಲ ಮುಠ್ಠಾಳಿ! ಅವರಿಗೆ ಗೊತ್ತಿದೆ. ಇವತ್ತಿನಿಂದಲ್ಲ, ಯಾವತ್ತಿನಿಂದಲೋ ಗೊತ್ತಿದೆ — ಗಂಟೆ ಹೊಡೆದ ತಕ್ಷಣ ಬೇಗಿಮಾಯ್ ಪುಸ್ತಕವನ್ನು ನನಗೆ ಕಾಣುವ ಹಾಗೆ ಎತ್ತಿ ಚೀಲಕ್ಕೆ ಹಾಕುತ್ತಾಳೆ, ಏನೇ ಅವಸರ, ಮನೇಲಿ ಮದುವೆನಾ, ಎಂದು ಎಷ್ಟು ಸಲ ಬೈದಿದ್ದೇನೆ, ಬೈಸಿಕೊಂಡು ನಾಳೆ ಮತ್ತೆ ಎತ್ತುತ್ತಾಳೆ. ಉತ್ತರ ಹೇಳಲು ಎದ್ದವರೆಲ್ಲ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನಿಲ್ಲುತ್ತಾರೆ, ಹಿಂದಿನ ತರಗತಿಯವರು ಹೀಗೆ ನಿಲ್ಲುತ್ತಿರಲಿಲ್ಲ. ಬಾಗಿಲು ಯಾರಾದರೂ ತಟ್ಟಿದರೆ ಇಪ್ಪತ್ತೆರಡು ತಲೆಯೂ ಒಟ್ಟಿಗೆ ಬಾಗಿಲ ಕಡೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನು, ಸುತ್ತ ನಿಂತು ಬಟ್ಟಲು ಹಿಡಿದವರು ಇವರು. ದೊಡ್ಡವರ ಕುಂದನ್ನು ಅವರ ಮುಖಕ್ಕೆ ಹೇಳಬಾರದು, ನಾಲಿಗೆ ಸೀಳುತ್ತೆ, ಎಂದು ಇವರ ಮನೆಗಳಲ್ಲಿ ಅಜ್ಜಿಯರು ಹೇಳಿಕೊಟ್ಟದ್ದು, ನನ್ನಜ್ಜಿಯೂ ನನಗೆ ಹೇಳಿಕೊಟ್ಟದ್ದೇ, ಹೊಟ್ಟೆಯಲ್ಲಿ ಹಾಕಿಕೊಂಡರು, ಇಡೀ ಚಳಿಗಾಲ, ಒಬ್ಬನೂ ಮನೆಯಲ್ಲಿ ಬಾಯಿ ಬಿಟ್ಟಿಲ್ಲ, ಬಿಟ್ಟಿದ್ದರೆ ಈ ಊರಿನಲ್ಲಿ ಸಂತೆಗೆ ಮುಂಚೆ ನನ್ನ ಮನೆಗೆ ಸುದ್ದಿ ಬರುತ್ತಿತ್ತು. ಕೋಪ ಬರುತ್ತಿದೆ ನನಗೆ, ಯಾರು ಕೇಳಿದ್ದರು ಇವರನ್ನು, ಈ ಕರುಣೆ ಯಾರಿಗೆ ಬೇಕಿತ್ತು, ಕೈಯೆತ್ತಿ ಎಜೆ ಕೇಳಿಸ್ತಿಲ್ಲ ಅಂದಿದ್ದರೆ ಆಗುತ್ತಿತ್ತಲ್ಲ, ನಿಯಮ ಇದೆ, ಧ್ವನಿ ಕೆಟ್ಟರೆ ಬೇರೆ ಮುದ್ರಣ ಎರಡನೇ ಲಕೋಟೆಯಲ್ಲಿದೆ, ಪರೀಕ್ಷೆ ಶುರುವಾಗುವಾಗ ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ಆದರೆ ಕೇಳಿಸ್ತಿಲ್ಲ ಎಂದು ಹೇಗೆ ಹೇಳಿಯಾರು, ನಾನು ಕೇಳಿಸಿಕೊಂಡು ತಲೆದೂಗುತ್ತಿರುವಾಗ.

ಇಪ್ಪತ್ತೊಂಬತ್ತು ನಿಮಿಷ. ಇನ್ನು ಹನ್ನೊಂದು. ಸುಮ್ಮನಿದ್ದರೂ ನಡೆಯುತ್ತದೆ, ಅದೇ ನನ್ನನ್ನು ಕೊಲ್ಲುತ್ತಿರುವುದು, ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಹಳ್ಳಿ ಮಕ್ಕಳು, ಅರ್ಧವೂ ಅರ್ಥವಾಗಿಲ್ಲ ಎಂದು ಕಚೇರಿಯಲ್ಲಿ ಬರೆದುಕೊಳ್ಳುತ್ತಾರೆ, ಪ್ರತಿ ವರ್ಷ ಬರೆದುಕೊಳ್ಳುತ್ತಾರೆ, ಬೇಗಿಮಾಯ್ ಮಾಸ್ಕೋಗೆ ಹೋಗುತ್ತಾಳೆ, ಎಷ್ಟೋ ಹುಡುಗಿಯರು ಹೋಗಿದ್ದಾರೆ, ಸತ್ತಿಲ್ಲವಲ್ಲ, ನಾನು ಎರಡು ವರ್ಷ ಎಳೆಯುತ್ತೇನೆ, ಹೂಗುಚ್ಛ, ಭಾಷಣ, ಶಾಲು, ಭಾಷಣ ಕೇಳಿಸದಿದ್ದರೂ ಯಾವಾಗ ಚಪ್ಪಾಳೆ ಎಂದು ಗೊತ್ತಾಗುತ್ತದೆ. ಥೂ. ಎಂಥ ಲೆಕ್ಕ ಹಾಕುತ್ತಿದ್ದೀಯೇ ಬುರುಲ್ಕಾನ್, ಆ ಅಜ್ಜಿಯ ಮೊಸರು ತಿಂದ ಬಾಯಿ ನಿನ್ನದು. ಆದರೆ ಹೇಳುವುದು ಏನು, ಹೇಗೆ, ಧ್ವನಿ ಕೆಟ್ಟಿತ್ತು ಎಂದರೆ, ಮತ್ತೆ ಆಗಲೇ ಯಾಕೆ ನಿಲ್ಲಿಸ್ಲಿಲ್ಲ ಎಜೆ, ಎಂದು ಎರ್ಮೆಕ್ ಕೇಳುತ್ತಾನೆ, ಅದಕ್ಕೆ ಇರುವುದು ಒಂದೇ ಉತ್ತರ. ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು, ಬಂದ, ಎರ್ಮೆಕ್ ಬಂದ, ತುಟಿಯಂಚಿನಲ್ಲಿ ಕೆನೆ, ಕೈಯಲ್ಲಿ ಅರಗಿನ ಕಡ್ಡಿ, ಜೇಬಿನಿಂದ ಲೈಟರು ತೆಗೆಯುತ್ತಿದ್ದಾನೆ, ಇನ್ನೂ ಏಳು ನಿಮಿಷ ಇದೆಯಪ್ಪ, ಲೈಟರು ಒಳಗಿಡು. ಎಲ್ಲ ಸರಿಯಾಗಿ ಆಯ್ತಾ ಎಜೆ, ಎಂದಿರಬೇಕು, ತುಟಿ ಹಾಗೇ ಆಡಿತು, ಮೂವತ್ತಮೂರು ವರ್ಷದ ಅಭ್ಯಾಸದಿಂದ ನನ್ನ ತಲೆ ತಾನಾಗಿಯೇ ಆಡಲು ಹೊರಟಿತು — ನಿಲ್ಲಿಸಿದೆ. ಕುತ್ತಿಗೆ ನೋಯುವಷ್ಟು ಬಿಗಿಯಾಗಿ ನಿಲ್ಲಿಸಿದೆ.

ಎರ್ಮೆಕ್, ತಮ್ಮಾ, ನನಗೆ ಕಿವಿ ಕೇಳಲ್ಲ, ಅಂದೆ. ಕೂಗಿದೆನೋ ಪಿಸುಗುಟ್ಟಿದೆನೋ ತಿಳಿಯದು, ಎಲ್ಲ ಪೆನ್ನುಗಳೂ ನಿಂತವು, ಕೂಗಿರಬೇಕು. ಧ್ವನಿ ಅರ್ಧದ ಮೇಲೆ ಕೆಟ್ಟಿತ್ತು, ನಂಗೆ ಗೊತ್ತಾಗ್ಲಿಲ್ಲ, ಈ ಚಳಿಗಾಲದಿಂದ ನಂಗೆ ಏನೂ ಗೊತ್ತಾಗ್ತಿಲ್ಲ, ಈಗ್ಲೇ ಬರ್ಕೋ, ಎರಡನೇ ಲಕೋಟೆ ತೆಗಿ. ಅವನು ನಕ್ಕ, ತಮಾಷೆ ಎಂದುಕೊಂಡ, ಎಜೆ ನೀವು ಸುಮ್ನಿರಿ, ಎಂದು ಕೈ ಆಡಿಸಿದ, ನಾನು ಅವನ ತುಟಿಯನ್ನೇ ಗುರಿಯಿಟ್ಟು ನೋಡುತ್ತಿರುವುದು ಅವನಿಗೆ ಆಗ ಕಂಡಿತು, ನಗು ಅಲ್ಲೇ ಹೋಯಿತು. ಮಕ್ಕಳ ಕಡೆ ತಿರುಗಿ ಏನೋ ಕೇಳಿದ, ಏನೆಂದು ನನಗೆ ಹೇಳಬೇಕಾಗಿಲ್ಲ. ತಿಲೇಕ್ ಎದ್ದ, ಬೆಳಕಿಗೆ ಮುಖ ಕೊಟ್ಟ, ಮೇಷ್ಟರನ್ನು ಕರೆಯುವ ಹಾಗೆ, ಧ್ವನಿ ಚೆನ್ನಾಗಿತ್ತು ಅಗಾಯ್, ನಾವೇ ದಡ್ಡರು, ಎಂದ, ನಾಲ್ಕು ಜನ ಹೌದು ಹೌದು ಎಂದು ತಲೆಯಾಡಿಸಿದರು, ಕತ್ತೆಗಳಾ, ಬಾಯಿ ಮುಚ್ಚಿ, ನನ್ನನ್ನು ಯಾಕೆ ಕಾಯುತ್ತೀರಿ, ನಾನಿದ್ದದ್ದು ನಿಮ್ಮನ್ನು ಕಾಯಲು! ನೀನು ಹೇಳು, ಎಂದು ಎರ್ಮೆಕ್ ಬೆರಳು ತೋರಿಸಿದ್ದು ಬೇಗಿಮಾಯ್ ಕಡೆಗೆ. ಹೇಳೇ, ನಿನ್ನ ಸೀಟು ಅದು, ಹೇಳು. ಅವಳು ಎದ್ದಳು, ಅವನ ಕಡೆಗೆ ತಿರುಗಲೇ ಇಲ್ಲ, ನನ್ನ ಕಡೆಗೆ ತಿರುಗಿದಳು, ಹಣೆಯ ಮೇಲಿನ ಕೂದಲು ಸರಿಸಿ ಮುಖಪೂರ್ತಿ ಬೆಳಕಿಗೆ ಒಡ್ಡಿ, ಒಂದೊಂದೇ ಪದವನ್ನು ನಿಧಾನವಾಗಿ, ನನಗೆ ಒಂದೂ ತಪ್ಪಿಹೋಗದ ಹಾಗೆ ಬಿಡಿಸಿ ಬಿಡಿಸಿ — ಚೆನ್ನಾಗಿ ಕೇಳಿಸ್ತು, ಎಜೆ.

ಮಕ್ಕಳೇ ಹೀಗಂದ್ರೆ ನಾನೇನು ಬರೀಲಿ, ಎಂದು ಎರ್ಮೆಕ್ ನನ್ನ ಮುಂದೆ ಬಂದು ನಿಂತು ಹೇಳುತ್ತಿದ್ದಾನೆ, ಗಡಿಯಾರದಲ್ಲಿ ನಾಲ್ಕು ನಿಮಿಷ, ಪೆಟ್ಟಿಗೆಯ ಗುಂಡಿಗೆ ಬೆರಳು ಹೋಯಿತು, ಮುದ್ರಣವನ್ನು ಅರ್ಧಕ್ಕೆ ಸರಿಸಿ ಒತ್ತಿದೆ, ಕೆಂಪು ದೀಪ, ಅಂಗೈ ಕೆಳಗೆ ಆ ಗಿರಣಿಯ ಅದುರು, ಎರ್ಮೆಕನ ಮುಖ ಕಿವುಚಿಹೋಯಿತು, ಎರಡೂ ಕೈ ಕಿವಿಗೆ ಹೋದವು, ಅಬ್ಬ, ಸಾಕ್ಷಿ ಸಿಕ್ಕಿತು. ಅರಗಿನ ಕಡ್ಡಿ ಮೇಜಿನ ಮೇಲಿಟ್ಟ, ವರದಿಯ ಹಾಳೆ ತೆಗೆದ, ಬರೆಯುತ್ತಿದ್ದಾನೆ, ಧ್ವನಿಮುದ್ರಣದ ಬಗ್ಗೆ ಒಂದು ಸಾಲು, ಎರಡನೇ ಲಕೋಟೆಯ ಬಗ್ಗೆ ಇನ್ನೊಂದು, ಆಮೇಲೆ ಪೆನ್ನು ತಡೆದು ನನ್ನ ಮುಖ ನೋಡಿ ಮತ್ತೆ ಬರೆದ, ಆ ಸಾಲು ನನ್ನದು, ಉದ್ದವಾಗಿದೆ, ಬರೆದುಕೊಳ್ಳಲಿ, ಸಹಿ ಎಲ್ಲಿ ಹಾಕಬೇಕು ತೋರಿಸು, ಹಾಕುತ್ತೇನೆ. ಎರಡನೇ ಲಕೋಟೆ ಹರಿಯುತ್ತಿದ್ದಾನೆ, ಮಕ್ಕಳು ಪೆನ್ನು ಕೈಗೆತ್ತಿಕೊಳ್ಳುತ್ತಿದ್ದಾರೆ, ಹೊಸ ಮುದ್ರಣಕ್ಕೆ ಗುಂಡಿ ಒತ್ತುವವನು ಇನ್ನು ಅವನೇ, ನನಗೆ ಕೆಲಸವಿಲ್ಲ, ಎಲ್ಲಿ ನಿಲ್ಲಬೇಕೋ ತಿಳಿಯುತ್ತಿಲ್ಲ, ಅಳು ಬರುತ್ತಿದೆ, ಬರಲಿ — ಸುಳ್ಳಿ, ಎಂಥ ಸುಳ್ಳಿ ಅವಳು, ಬಿಶ್ಕೆಕ್ಕು, ಹಾಸಿಗೆ, ಪುಸ್ತಕ ಎಲ್ಲವನ್ನೂ ಬಿಟ್ಟುಕೊಟ್ಟು ಹೇಳಿದ ಸುಳ್ಳನ್ನೂ ನನಗೆ ಅರ್ಥವಾಗಲೆಂದು ಅಷ್ಟು ನಿಧಾನವಾಗಿ, ಬೆಳಕಿಗೆ ತಿರುಗಿ, ಒಂದೊಂದೇ ಪದ, ಆ ತುಟಿ, ಚೆನ್ನಾಗಿ — ಕೇಳಿಸ್ತು — ಎಜೆ —