ಜೋಡಿ ಗಿಳಿಯ ಟ್ರಂಕು

ನಾನು ಮದುವೆ ಹೆಣ್ಣಿನ ಜೊತೆ ಹೋಗಲೆಂದೇ ಹುಟ್ಟಿದ ಟ್ರಂಕು. ತುಮಕೂರಿನ ಪೇಟೆಯಲ್ಲಿ ಪೀರ್ ಸಾಬರು ತಗಡು ಬಡಿದು, ಹಸಿರು ಬಣ್ಣ ಬಳಿದು, ಮುಚ್ಚಳದ ಮೇಲೆ ಜೋಡಿ ಗಿಳಿ ಬರೆದರು. ರೇಷ್ಮೆ ಸೀರೆಯ ಕನಸು ಕಾಣುತ್ತಿದ್ದ ನನ್ನನ್ನು ಕೊಂಡವರು ಪಂಕಜಾಕ್ಷಮ್ಮ, ಆ ಜಿಲ್ಲೆ ಕಂಡ ಮೊದಲ ಹೆಣ್ಣು ಅಸಿಸ್ಟೆಂಟ್ ಕಮಿಷನರ್.

“ಇದು ಮದ್ವೆ ಪೆಟ್ಗೆ ತಾಯಿ, ಆಫೀಸಿಗೆ ಸರಿಹೋಗಲ್ಲ,” ಎಂದರು ಸಾಬರು.

“ಗಿಳಿ ಇದ್ರೆ ಸರ್ಕಾರಕ್ಕೇನೂ ನಷ್ಟ ಇಲ್ಲ ಬಿಡಿ ಸಾಬ್ರೇ.”

ಸೀರೆಯ ಆಸೆಗೆ ಅಲ್ಲೇ ಎಳ್ಳುನೀರು ಬಿಟ್ಟೆ. ಅವರ ಡೈರಿ, ಫೋಟೋ, ಅಪ್ಪ ಬರೆದ ಕಾಗದ ಎಲ್ಲ ನನ್ನ ಹೊಟ್ಟೆ ಸೇರಿದವು. ಜೀಪಿನ ಹಿಂದೆ ಕೂತು ಊರೂರು ಅಲೆದೆ. ಹೆಣ್ಣು ಸಾಹೇಬರನ್ನು ಏನೆಂದು ಕರೆಯಬೇಕೋ ತಿಳಿಯದೆ ಹಳ್ಳಿಯವರು “ಬುದ್ಧೀ” ಎಂದೇ ಕೈಮುಗಿಯುತ್ತಿದ್ದರು.

ಮಧುಗಿರಿಯ ಬಂಗಲೆಯಲ್ಲಿ ಕುರ್ಚಿ ಸಾಲದೆ ನನ್ನ ಮೇಲೆ ಕೂತವರು ಕೆರೆ ರಿಪೇರಿಯ ಎಂಜಿನಿಯರ್ ಭೀಮಸೇನರಾಯರು. ಕೆರೆಯ ಮಾತು ಮುಗಿದರೂ ಮಹಾಶಯರು ಏಳುತ್ತಿರಲಿಲ್ಲ. ನನಗೂ ಅವರು ಏಳುವುದು ಬೇಕಿರಲಿಲ್ಲ.

ಆದರೆ ಆಗಿನ ನಿಯಮ ಬೇರೆ. ಮದುವೆಯಾದ ಹೆಣ್ಣು ಅಧಿಕಾರಿಯನ್ನು ಸರ್ಕಾರ ಮನೆಗೆ ಕಳಿಸಬಹುದಿತ್ತು.

“ಕೆಲಸ ಬಿಡಿ ಅಂತ ನಾನು ಹ್ಯಾಗೆ ಹೇಳ್ಲಿ?” ಎಂದರು ರಾಯರು ಒಂದು ಸಂಜೆ.

“ನೀವು ಹೇಳ್ಬೇಡಿ. ನಾನೇ ಬರೀತೀನಿ. ಈ ವರ್ಷದ ಕಂದಾಯದ ಜಮಾಬಂದಿ ಒಂದು ಮುಗೀಲಿ.”

ಬರೆದರು ಕೂಡ. “ಸ್ವಂತ ಕಾರಣಗಳಿಂದ” ಎಂದು ರಾಜೀನಾಮೆ ಬರೆದು ನನ್ನೊಳಗಿಟ್ಟರು. ಜಮಾಬಂದಿ ಮುಗಿಯಿತು, ಬರಗಾಲ ಬಂತು. ಬರ ಕಳೆಯಿತು, ವರ್ಗವಾಯಿತು. ಹೊಸ ಊರಿಗೆ ಹೋದಾಗಲೆಲ್ಲ ಊರಿನ ಹೆಸರು, ತಾರೀಖು ಬದಲಿಸಿ ಅದನ್ನೇ ಮತ್ತೆ ಬರೆಯುತ್ತಿದ್ದರು. ಕಳಿಸಿ ತಾಯೀ ಎಂದು ನಾನು ಒಳಗೊಳಗೇ ಕೂಗಿಕೊಳ್ಳುತ್ತಿದ್ದೆ. ಕೆಲಸವನ್ನೂ ಅವರು ಅಷ್ಟೇ ಪ್ರೀತಿಸುತ್ತಿದ್ದರು, ಏನು ಮಾಡುವುದು? ಆ ನಿಯಮ ಹೋಗುವ ಹೊತ್ತಿಗೆ ರಾಯರ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಪಂಕಜಾಕ್ಷಮ್ಮ ತೀರಿಕೊಂಡ ಮೇಲೆ ಅವರ ಸೋದರಸೊಸೆ ಮಂದಾಕಿನಿ ನನ್ನನ್ನು ಒಂದು ಪತ್ರಾಗಾರಕ್ಕೆ ಕೊಟ್ಟಳು. ಅಲ್ಲಿನ ಹುಡುಗಿ ಕಾಗದಗಳನ್ನು ಹೊರಗೆ ಹರಡಿದಳು.

“ಊರೂರಲ್ಲೂ ರಾಜೀನಾಮೆ ಬರ್ದಿದಾರಲ್ಲ ಮೇಡಂ! ಮಂತ್ರಿಗಳ ಜೊತೆ ಜಗಳ ಇರ್ಬೇಕು.”

“ಮತ್ತೆ! ನಮ್ಮತ್ತೆ ಯಾರಿಗೂ ಸೊಪ್ಪು ಹಾಕ್ತಿರ್ಲಿಲ್ಲ,” ಎಂದು ಮಂದಾಕಿನಿ ಹೆಮ್ಮೆಯಿಂದ ನಕ್ಕಳು.

ಹುಡುಗಿ ಆ ರಾಜೀನಾಮೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಮೇಲೆ ‘ಪ್ರತಿಭಟನೆ’ ಎಂದು ಬರೆದಳು. ಇಷ್ಟಗಲ ಬಾಯಿದ್ದೂ ನಾನು ಮೂಕ.

ಈಗ ಬರಿದಾಗಿ ಕಪಾಟಿನ ಪಕ್ಕ ಬಿದ್ದಿದ್ದೇನೆ. ನೋಡಲು ಬಂದವರೆಲ್ಲ ಅವರನ್ನು ಧೀರೆ ಎನ್ನುತ್ತಾರೆ. ನಿಜವೇ. ಆದರೆ ಕಚೇರಿಗೆ ಎಂದೂ ಹೂ ಮುಡಿದು ಹೋಗದ ಆ ಹೆಣ್ಣು, ಆ ರಾಜೀನಾಮೆ ಬರೆಯುವಾಗಲೆಲ್ಲ ಬಾಗಿಲು ಹಾಕಿಕೊಂಡು ತಲೆತುಂಬ ಮಲ್ಲಿಗೆ ಮುಡಿದಿರುತ್ತಿದ್ದರು. ಅದನ್ನು ನೋಡಿದವನು ನಾನೊಬ್ಬನೇ.