ನಾಳೆ ಮಾಸ್ಟರ್‌ನ ಬುಧವಾರಗಳು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ಅಕ್ಕ ಒಬ್ಬಳೇ. ಉಳಿದವರಿಗೆಲ್ಲ ಅವನು ನಾಳೆ ಮಾಸ್ಟರ್. ಅವನು ಹೊಲಿದ ಕೋಟು ತೊಟ್ಟರೆ ಗೂನು ಬೆನ್ನೂ ನೆಟ್ಟಗಾಗುತ್ತದೆ ಎನ್ನುತ್ತಿದ್ದರು. ಅಂಥ ಕೈ. ಆದರೆ ಬಟ್ಟೆ ಯಾವಾಗ ಸಿಗುತ್ತದೆ ಎಂದು ಕೇಳಿ ನೋಡಿ, ಮೂವತ್ತು ವರ್ಷದಿಂದ ಒಂದೇ ಉತ್ತರ: "ನಾಳೆ ಬನ್ನಿ." ಆ ನಾಳೆ ಯಾವ ಕ್ಯಾಲೆಂಡರಿನಲ್ಲಿತ್ತೋ ದೇವರಿಗೇ ಗೊತ್ತು.

ಅವನದೊಂದು ಪದ್ಧತಿಯಿತ್ತು. ಯಾರು ದಿನಾ ಬಂದು ಬಾಗಿಲಲ್ಲಿ ನಿಂತು ಪ್ರಾಣ ತಿನ್ನುತ್ತಾರೋ ಅವರ ಬಟ್ಟೆ ಕಪಾಟಿನಲ್ಲಿ ಮೇಲಕ್ಕೆ ಬರುತ್ತಿತ್ತು. ಕೊಟ್ಟು ಹೋಗಿ ಸುಮ್ಮನಿದ್ದವರದ್ದು ತಳಕ್ಕೆ ಇಳಿಯುತ್ತಿತ್ತು. ಇದರಲ್ಲಿ ಏನಾದರೂ ತಪ್ಪಿದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ಕೈ ಹಿಡಿದು ಸೂಜಿಗೆ ದಾರ ಪೋಣಿಸಲು ಕಲಿಸಿದವಳು. ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ಸಿಗೆ ಮಲಗಬೇಕು. ಮೂರರಲ್ಲಿ ಒಂದೂ ತಪ್ಪಕೂಡದು ಎಂದು ಡಾಕ್ಟರು ಬೆರಳು ತೋರಿಸಿ ಹೇಳಿದ್ದರು. ಅಂಗಡಿಯ ಎದುರೇ ಬಸ್ ಸ್ಟಾಪು, ಐದೂ ಹತ್ತಕ್ಕೆ ಮೊದಲ ಬಸ್ಸು. ಎರಡು ವರ್ಷ ಅವಳು ಯಾರ ಹಂಗೂ ಇಲ್ಲದೆ ಹೋಗಿ ಬಂದಳು.

ಆಮೇಲೆ ಮೇಲುಸೇತುವೆ ಬಂತು. ಬಸ್ಸು ಸೇತುವೆಯ ಮೇಲೆ ಭರ್ರನೆ ಹೋಗತೊಡಗಿತು, ಕೆಳಗಿನ ಸ್ಟಾಪನ್ನು ಎತ್ತಿಬಿಟ್ಟರು. ಮುಂದಿನ ಸ್ಟಾಪಿಗೆ ಒಳ್ಳೇ ಕಾಲಿರುವವರಿಗೆ ಹದಿನೈದು ನಿಮಿಷ, ಅಕ್ಕನಿಗೆ ನಲವತ್ತು. ಆ ಹೊತ್ತಿಗೆ ಆಟೋದವರು ಯಾರೂ ಎದ್ದಿರುವುದಿಲ್ಲ. ಮೂರು ತಿಂಗಳು ನಡೆದಳು. ನಾಲ್ಕನೇ ತಿಂಗಳು, "ವಾರಕ್ಕೆ ಎರಡು ಸಲ ಸಾಕು ಕಣೋ, ಮೈ ಹಗುರಾಗಿದೆ," ಎಂದು ಶನಿವಾರ ಮನೆಯಲ್ಲೇ ಕೂತಳು. ಮೈ ಹಗುರಾಗಿರಲಿಲ್ಲ. ಪಾದ ಊದಿ ಚಪ್ಪಲಿಯ ಪಟ್ಟಿ ಹಾಕಲಾಗುತ್ತಿರಲಿಲ್ಲ. ಅವನಿಗೆ ಭಯವಾಯಿತು. ಭಯವಾದಾಗ ಅವನಿಗೆ ಬರುವುದು ಸಿಟ್ಟೇ.

ಹಾಗೆಂದು ಬೀದಿ ಸುಮ್ಮನೆ ಕೂತಿತ್ತು ಅಂದುಕೊಳ್ಳಬೇಡಿ. ಸ್ಟಾಪು ಎತ್ತಿದ ವಾರವೇ ಒಂದು ಅರ್ಜಿ ಬರೆದು, ಇನ್ನೂರ ಹನ್ನೆರಡು ಸಹಿ ಹಾಕಿಸಿ, ನಗರಸಭೆಯ ಮೆಂಬರ ಕಚೇರಿಗೆ ಕೊಟ್ಟಿದ್ದರು. ಕೊಟ್ಟು ಬಂದು ಕೈ ತೊಳೆದುಕೊಂಡಿದ್ದರು. ನಾಲ್ಕು ತಿಂಗಳಾದರೂ ಬಾವಿಗೆ ಬಿದ್ದ ಕಲ್ಲಿನ ಹಾಗೆ ಸದ್ದೇ ಇಲ್ಲ. ಅಕ್ಕ ನಾಲ್ಕನೇ ಶನಿವಾರವೂ ತಪ್ಪಿಸಿದ ವಾರ, ನಾಳೆ ಮಾಸ್ಟರ್ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಜಗಳಕ್ಕೆ ಹೊರಟ. ಅವತ್ತು ಬುಧವಾರ.

ಮೆಂಬರ ಕಚೇರಿ ಒಂದು ಬ್ಯಾಂಕಿನ ಮೇಲಿನ ಮಹಡಿ. ಮೆಂಬರು ಇರಲಿಲ್ಲ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡ ಗುಮಾಸ್ತೆಯೊಬ್ಬಳು ಒಂದು ದಪ್ಪ ರಿಜಿಸ್ಟರಿನ ಮುಂದೆ ಕೂತಿದ್ದಳು.

"ಅರ್ಜಿ ಕೊಟ್ಟು ನಾಲ್ಕು ತಿಂಗಳಾಯ್ತು ಮೇಡಂ. ಇನ್ನೂರ ಹನ್ನೆರಡು ಸಹಿ. ಏನ್ ಮಾಡಿದ್ರಿ ಅದನ್ನ? ಮಡಚಿ ಮೇಜಿನ ಕಾಲಿಗೆ ಕೊಟ್ರಾ?"

ಅವಳು ತಲೆಯೆತ್ತಿ ಅವನನ್ನು, ಅವನ ಕೊರಳ ಟೇಪನ್ನು ನೋಡಿದಳು. "ನೀವು ಸೇತುವೆ ಕೆಳಗಿನ ಟೈಲರ್ ಅಲ್ವಾ?"

"ಹೌದು. ಅದಕ್ಕೇನೀಗ?"

"ಬೂದು ಬಣ್ಣದ ಬಟ್ಟೆ. ಹೆಂಗಸರ ಕೋಟು, ಒಳಗೆ ನೀಲಿ ಅಸ್ತರು. ಚಳಿಗಾಲಕ್ಕೆ ಮುಂಚೆ ಬೇಕು ಅಂದಿದ್ದೆ. ಕೊಟ್ಟು ಎಂಟು ತಿಂಗಳಾಯ್ತು."

ನಾಳೆ ಮಾಸ್ಟರ್ ನಾಲಿಗೆ ಕಚ್ಚಿಕೊಂಡ. ಆ ಬಟ್ಟೆ ಕಪಾಟಿನ ತಳದಲ್ಲಿ ಇದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. "ನೀವು ಮತ್ತೆ ಬರಲೇ ಇಲ್ವಲ್ಲ ಮೇಡಂ. ಅವಸರ ಇಲ್ಲವೇನೋ ಅಂದ್ಕೊಂಡೆ."

"ನೀವೂ ಅರ್ಜಿ ಕೊಟ್ಟ ಮೇಲೆ ಈ ಮೆಟ್ಟಿಲು ಹತ್ತಲಿಲ್ಲ," ಎಂದಳು ಅವಳು, ಸ್ವಲ್ಪವೂ ದನಿ ಏರಿಸದೆ. "ನಮ್ಮ ಮೆಂಬರೂ ಹಾಗೇ ಅಂದ್ಕೊಂಡಿರಬೇಕು."

ಅವನು ಕೊರಳಿನ ಟೇಪನ್ನು ತೆಗೆದು ಜೇಬಿಗೆ ಹಾಕಿಕೊಂಡ. ಮೂವತ್ತು ವರ್ಷದಲ್ಲಿ ಹೀಗೆ ಎಷ್ಟು ಜನರ ಚಳಿಗಾಲ ತನ್ನ ಕಪಾಟಿನ ತಳದಲ್ಲಿ ಕಳೆದುಹೋಗಿರಬಹುದು ಎಂದು ಅವನಿಗೆ ಮೊದಲ ಸಲ ನಾಚಿಕೆಯಾಯಿತು.

ಅವಳು ಕೆಟ್ಟವಳಲ್ಲ. ಕುರ್ಚಿ ಎಳೆದು ಕೂರಿಸಿ ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು. ಬಂದ ಪ್ರತಿ ಕಾಗದಕ್ಕೆ, ಪ್ರತಿ ಫೋನಿಗೆ ಒಂದೊಂದು ಸಾಲು. ಇನ್ನೂರ ಹನ್ನೆರಡು ಸಹಿಯ ಅರ್ಜಿಗೂ ಒಂದೇ ಸಾಲು, ಅದೂ ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ. ಪ್ರತಿ ಗುರುವಾರ ಅವಳು ಆ ವಾರ ಯಾವುದಕ್ಕೆ ಎಷ್ಟು ಸಾಲು ಬಿತ್ತು ಎಂದು ಲೆಕ್ಕ ಹಾಕಿ ಮೆಂಬರ ಮುಂದೆ ಇಡುತ್ತಾಳೆ. ವಾರ ವಾರವೂ ಕಾಣಿಸುವ ವಿಷಯವನ್ನು ಅವರು ಸಭೆಗೆ ಒಯ್ಯುತ್ತಾರೆ. "ನಾಯಿ ಕಾಟ ಅಂತ ಒಬ್ಬ ಮುದುಕರು ಹತ್ತು ವಾರ ಬಿಡದೆ ಬರೆದ್ರು. ಅವರ ಕೆಲಸ ಆಯ್ತು. ಅಳದೇ ಇದ್ರೆ ಹೆತ್ತ ತಾಯೀನೂ ಹಾಲು ಕುಡಿಸಲ್ಲ ಮಾಸ್ಟರೇ. ಇವರು ಬರೀ ಮೆಂಬರು."

ಅವನು ಅಂಗಡಿಗೆ ಬಂದವನೇ ಕೆಲಸಕ್ಕೆ ಇಳಿದ. ಆದರೆ ಬುದ್ಧಿ ದರ್ಜಿಯ ಬುದ್ಧಿ ನೋಡಿ. ಶಾಲೆಯ ಯೂನಿಫಾರಂ ಬಂದರೆ ಏನು ಮಾಡುತ್ತಾನೆ? ಕಾಗದದಲ್ಲಿ ಒಂದು ಪ್ಯಾಟರ್ನ್ ಕತ್ತರಿಸಿ, ಬಟ್ಟೆ ಪದರ ಪದರವಾಗಿ ಹಾಸಿ, ನಲವತ್ತನ್ನು ಒಟ್ಟಿಗೆ ಕತ್ತರಿಸುತ್ತಾನೆ. ಹಾಗೇ ಒಂದು ಚೆಂದದ ಕಾಗದ ಬರೆದು, ಎಂಬತ್ತು ಪ್ರತಿ ತೆಗೆಸಿ, ಬಂದ ಗಿರಾಕಿಗಳಿಂದೆಲ್ಲ ಸಹಿ ಹಾಕಿಸಿ, ಮುಂದಿನ ಬುಧವಾರ ಎದೆಯುಬ್ಬಿಸಿಕೊಂಡು ಒಯ್ದ. ಜೊತೆಗೆ ಬೂದು ಕೋಟು ಕೂಡ, ಇಸ್ತ್ರಿ ಮಾಡಿ.

ಗುಮಾಸ್ತೆ ಕೋಟು ತೊಟ್ಟು ನೋಡಿಕೊಂಡಳು. ಹೆಗಲು ಅಳತೆಗೆ ಕೂತಿತ್ತು, ಕಣ್ಣರಳಿತು. ಆಮೇಲೆ ಕಾಗದಗಳನ್ನು ತಿರುವಿ ಹಾಕಿ ನಿಟ್ಟುಸಿರು ಬಿಟ್ಟಳು. "ಎಂಬತ್ತೂ ಒಂದೇ ಥರ ಇದೆ ಮಾಸ್ಟರೇ. ಇದಕ್ಕೂ ಒಂದೇ ಸಾಲು."

"ಅಯ್ಯೋ, ಎಂಬತ್ತು ಜನ ಬೇರೆ ಬೇರೆ ಅಲ್ವಾ?"

"ಈ ಕೋಟು ನನ್ನ ಪಕ್ಕದ ಮನೆಯವಳಿಗೆ ಆಗುತ್ತಾ?"

"ಅದ್ಹೇಗೆ ಆಗುತ್ತೆ? ನಿಮ್ಮ ಅಳತೆ ಬೇರೆ, ಅವರ ಅಳತೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮುಂದೆ ಅವಳೇನೂ ಹೇಳುವ ಅಗತ್ಯ ಬೀಳಲಿಲ್ಲ.

ಅವತ್ತಿನಿಂದ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳು ಬರೆದ ಮೇಲೆ ಇನ್ನೊಂದು ಸಾಲು ಸೇರಿತು. ಟೇಪು ಹಿಡಿದುಕೊಂಡೇ ಕೇಳುತ್ತಿದ್ದ, "ಆ ಬಸ್ಸು ನಿಮಗೆ ಯಾಕೆ ಬೇಕು?" ಅಳತೆಗೆ ಕೈ ಅಗಲಿಸಿ ನಿಂತವರು ಎಲ್ಲಿ ಓಡಿಹೋಗುತ್ತಾರೆ, ಪಾಪ. ಬೇಕರಿಯ ಕೆಲಸದವನು ಹೇಳಿದ, ಒಲೆ ಹಚ್ಚುವ ಹೊತ್ತಿಗೆ ತಲುಪದೆ ಎರಡು ಸಲ ಬೈಸಿಕೊಂಡೆ ಎಂದು. ಕಚೇರಿಗಳ ನೆಲ ಒರೆಸುವ ಹೆಂಗಸು ಹೇಳಿದಳು, ಕತ್ತಲಲ್ಲಿ ಸೇತುವೆ ಕೆಳಗೆ ಒಬ್ಬಳೇ ನಡೆಯಲು ಎದೆ ಡವಗುಟ್ಟುತ್ತದೆ ಎಂದು. ಪ್ಯಾಂಟಿನ ಉದ್ದ ಕೊಡಲು ಬಂದ ಮುದುಕರೊಬ್ಬರು, ಹೆಂಡತಿ ವೃದ್ಧಾಶ್ರಮದಲ್ಲಿದ್ದಾಳೆ, ಬೆಳಗಿನ ಹೊತ್ತು ಮಾತ್ರ ನನ್ನ ಗುರುತು ಹಿಡಿಯುತ್ತಾಳೆ, ತಡವಾದರೆ ಯಾರು ನೀನು ಅನ್ನುತ್ತಾಳೆ ಎಂದರು. ಅದನ್ನು ಬರೆದುಕೊಳ್ಳುವಾಗ ನಾಳೆ ಮಾಸ್ಟರ್ ಪೆನ್ಸಿಲು ಕೆಳಗಿಟ್ಟು ಮೂಗು ಒರೆಸಿಕೊಂಡ. ಅವರವರ ಮಾತನ್ನು ಅವರವರ ಕಾಗದಕ್ಕೆ ಇಳಿಸಿ, ಓದಿ ಹೇಳಿ, ಸಹಿ ಹಾಕಿಸುತ್ತಿದ್ದ.

ಇದರಿಂದ ಒಂದು ವಿಚಿತ್ರವಾಯಿತು. ಬುಧವಾರಕ್ಕೆ ಕಾಗದ ಬೇಕಾದರೆ ಜನ ಮಂಗಳವಾರ ಬರಬೇಕು. ಬರಬೇಕಾದರೆ ಬಟ್ಟೆ ತಯಾರಿರಬೇಕು. ಹೀಗಾಗಿ ನಾಳೆ ಮಾಸ್ಟರ್ ಜೀವನದಲ್ಲಿ ಮೊದಲ ಸಲ ಹೇಳಿದ ದಿನಕ್ಕೆ ಬಟ್ಟೆ ಕೊಡತೊಡಗಿದ. ಬೀದಿಯವರಿಗೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದಷ್ಟೇ ಆಶ್ಚರ್ಯ. ಮೊದಲ ವಾರ ಒಂಬತ್ತು ಕಾಗದ, ಆಮೇಲೆ ಹದಿನಾಲ್ಕು, ಆಮೇಲೆ ಬರೇ ಆರು. ಆರಾದರೂ ಅವನು ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ.

ಆರನೇ ಮಂಗಳವಾರ ಸಂಜೆ ಕಾಗದಗಳನ್ನು ಜೋಡಿಸುತ್ತಿದ್ದಾಗ ಅಕ್ಕ ಗುಂಡಿ ಹಚ್ಚುತ್ತಾ ಪಕ್ಕದಲ್ಲಿ ಕೂತಿದ್ದಳು. "ಊರಿನವರನ್ನೆಲ್ಲ ಕೇಳಿದೆಯಲ್ಲೋ," ಎಂದಳು. "ನನ್ನನ್ನ ಕೇಳಲೇ ಇಲ್ಲ."

"ನಿನ್ನದೇನು ಕೇಳೋದು ಅಕ್ಕ? ನನಗೆ ಗೊತ್ತಿಲ್ವಾ?"

"ಏನು ಗೊತ್ತು ನಿನಗೆ? ಹೇಳು."

"ನಡೆಯೋಕೆ ಕಷ್ಟ."

ಅಕ್ಕ ಹಲ್ಲಿನಿಂದ ದಾರ ಕಡಿದಳು. "ಹೋಗುವಾಗ ನಡೀತೀನಿ ಕಣೋ, ಹೇಗೋ. ಬರುವಾಗ ರಕ್ತ ಎಲ್ಲ ಸೋಸಿ ಮೈಯಲ್ಲಿ ಏನೂ ಇರಲ್ಲ. ಎರಡು ಸಲ ಬಿದ್ದೆ. ಒಂದು ಸಲ ಯಾರೋ ಎತ್ತಿ ಕೂರಿಸಿದ್ರು. ಇನ್ನೊಂದು ಸಲ ಯಾರೂ ಇರಲಿಲ್ಲ, ನಾನೇ ಕಂಬ ಹಿಡ್ಕೊಂಡು ಎದ್ದೆ. ನಿನಗೆ ಹೇಳಿದ್ರೆ ಅಂಗಡಿ ಮುಚ್ಚಿ ನನ್ನ ಹಿಂದೆ ಬರ್ತೀಯ. ಅದಕ್ಕೇ ಎರಡು ಸಲ ಸಾಕು ಅಂದೆ. ಎರಡು ಸಾಕಾಗಲ್ಲ ಅಂತ ನನಗೂ ಗೊತ್ತು. ನನಗೂ ಸಾಯೋಕೆ ಇಷ್ಟ ಇಲ್ಲ."

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ನೂರು ಜನರ ಅಳತೆ ತೆಗೆದವನು ಮನೆಯವಳದ್ದು ತೆಗೆದಿರಲಿಲ್ಲ. ಅವನು ಅತ್ತ. ಅತ್ತು ಮುಗಿಸಿ ಪೆನ್ಸಿಲು ತೆಗೆದುಕೊಂಡ. "ಹೇಳು ಅಕ್ಕ. ಮೊದಲಿಂದ ಹೇಳು." ಅವಳು ಹೇಳಿದಳು. ಕೊನೆಯ ಮಾತನ್ನು ಬಿಟ್ಟುಬಿಡಲೇ ಎಂದು ಕೇಳಿದ. "ಅದನ್ನೇ ಬರಿ," ಎಂದಳು ಅಕ್ಕ.

ಆ ಶುಕ್ರವಾರ ಗುಮಾಸ್ತೆ ಬೂದು ಕೋಟು ತೊಟ್ಟು ತಾನೇ ಅಂಗಡಿಗೆ ಬಂದಳು. ಶನಿವಾರ ನಿಮ್ಮಕ್ಕನನ್ನು ಬೆಳಿಗ್ಗೆ ನಾಲ್ಕೂಕಾಲಿಗೆ ಹೊರಡಿಸಿ, ಮೆಂಬರು ಜೊತೆಗೆ ನಡೆಯುತ್ತಾರಂತೆ ಎಂದಳು. ನಾಳೆ ಮಾಸ್ಟರ್ ನಂಬಲಿಲ್ಲ. ಆದರೆ ಶನಿವಾರ ಆ ಹೊತ್ತಿಗೆ ಮನೆ ಬಾಗಿಲ ಮುಂದೆ ಮಫ್ಲರ್ ಸುತ್ತಿಕೊಂಡ, ನಿದ್ದೆಗಣ್ಣಿನ ಮನುಷ್ಯರೊಬ್ಬರು ನಿಂತಿದ್ದರು. ಅಕ್ಕನಿಗೆ ದೊಡ್ಡವರು ಚಿಕ್ಕವರು ಎಂಬ ಭೇದವೇ ಇಲ್ಲ. "ಬಂದಿದ್ದೀರಲ್ಲ, ಈ ಚೀಲ ಹಿಡ್ಕೊಳ್ಳಿ," ಎಂದು ಕೈಗೆ ಕೊಟ್ಟೇಬಿಟ್ಟಳು. ನಲವತ್ತು ನಿಮಿಷ ಅವರು ಅವಳ ಹೆಜ್ಜೆಗೆ ಹೆಜ್ಜೆ ಹಾಕಿದರು, ಹಿಂದೆ ನಾಳೆ ಮಾಸ್ಟರ್. ಅವಳು ಐದು ಕಡೆ ನಿಂತಳು, ಅವರೂ ನಿಂತರು. ತಾನು ಬಿದ್ದ ಜಾಗಗಳನ್ನು ಅಕ್ಕ ಬೆರಳು ಮಾಡಿ ತೋರಿಸಿದಳು.

ಬಸ್ಸು ಬಂದಾಗ ಮೆಂಬರು ಚೀಲ ಹಿಂದಿರುಗಿಸಿ, ನಾಳೆ ಮಾಸ್ಟರ್ ಕಡೆ ತಿರುಗಿ ಹೇಳಿದರು. "ಸಭೆಯಲ್ಲಿ ನಾಲ್ಕು ಸಲ ಎತ್ತಿದೆ. ಅಲ್ಲಿ ಯಾರು ಹತ್ತುತ್ತಾರೆ ಅಂತ ಬಸ್ಸಿನವರು ಬಾಯಿ ಮುಚ್ಚಿಸ್ತಾ ಇದ್ರು. ಈಗ ನನ್ನ ಹತ್ರ ಹೇಳೋಕೆ ಜನ ಇದ್ದಾರೆ. ನಿಲ್ಲಿಸಬೇಡಿ, ಕಳಿಸ್ತಾ ಇರಿ."

ಇನ್ನೂ ಮೂರು ಬುಧವಾರ ಹೋಯಿತು. ನಾಲ್ಕನೆಯದರಲ್ಲಿ ಗುಮಾಸ್ತೆ ನಗುತ್ತಾ ಆದೇಶದ ಪ್ರತಿ ಕೊಟ್ಟಳು. ದಿನದ ಮೊದಲ ಎರಡು ಬಸ್ಸು, ಮಧ್ಯಾಹ್ನ ವಾಪಸು ಬರುವ ಎರಡು ಬಸ್ಸು ಸೇತುವೆ ಹತ್ತದೆ ಕೆಳಗಿನಿಂದ ಬರುತ್ತವೆ. ಮೂರು ತಿಂಗಳು ಟ್ರಯಲ್, ಜನ ಹತ್ತದಿದ್ದರೆ ರದ್ದು. ಟ್ರಯಲ್ ಅಂದರೆ ಏನೆಂದು ನಾಳೆ ಮಾಸ್ಟರ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವುದು. ಪಕ್ಕಾ ಹೊಲಿಗೆ ಬೀಳುವವರೆಗೂ ಬಿಡಬಾರದು.

ಆ ಶನಿವಾರ ಐದಕ್ಕೆ ಅಂಗಡಿ ಎದುರಿನ ಸ್ಟಾಪಿನಲ್ಲಿ ಬೇಕರಿಯವನಿದ್ದ, ನೆಲ ಒರೆಸುವ ಹೆಂಗಸಿದ್ದಳು, ಹೊಸ ಪ್ಯಾಂಟು ತೊಟ್ಟ ಮುದುಕರಿದ್ದರು, ಇನ್ನೂ ಮೂವರಿದ್ದರು. ಯಾರಿಗೆ ಯಾಕೆ ಬಸ್ಸು ಬೇಕೆಂದು ಅವನಿಗೆ ಬಾಯಿಪಾಠ. ಬಸ್ಸು ನಿಂತಿತು. ಅಕ್ಕ ಒಂದೊಂದೇ ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಕೂತು, ಗಾಜಿನಾಚೆಯಿಂದ ತಮ್ಮನಿಗೆ ವಾರಕ್ಕೆ ಮೂರು ಸಲ ಎಂಬಂತೆ ಮೂರು ಬೆರಳು ತೋರಿಸಿದಳು.

ಅವನು ಅಂಗಡಿಗೆ ಬಂದು ಶಟರ್ ಎತ್ತಿ ದೀಪ ಹಾಕಿದ. ಮೆಷಿನ್ ಮುಂದೆ ಕೂರುವ ಮೊದಲು ಒಂದು ಬಿಳಿ ಹಾಳೆ ತೆಗೆದು ಮುಂದಿನ ಬುಧವಾರದ ತಾರೀಕು ಹಾಕಿದ. ಕೆಳಗೆ ಬರೆದ: "ಶನಿವಾರ ಏಳು ಜನ ಹತ್ತಿದರು. ಏಳನೆಯವಳು ನಮ್ಮಕ್ಕ."